ಕುಡುಕ ಪಾದ್ರಿಯ ದೇವರು, ತುಳಿದ ಪಾದ್ರಿಯ ದೇವರು

ಜಪಾನಿನ ಕ್ಯಾಥೊಲಿಕ್ ಕಾದಂಬರಿಕಾರ ಶೂಸಾಕು ಎಂಡೋ ಬಗ್ಗೆ ಯಾರೇ ಬರೆದರೂ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್‌ಗೆ ಹೋಲಿಸಿ ‘ಜಪಾನಿನ ಗ್ರಹಾಂ ಗ್ರೀನ್’ ಅನ್ನೋ ಮಾತು ಬಂದೇ ಬರುತ್ತದೆ. ಈ ಹೋಲಿಕೆ ನನಗೆ ಯಾವತ್ತೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಹೋದ ತಿಂಗಳು ಗ್ರೀನ್‌ನ ‘ದಿ ಪವರ್ ಅಂಡ್ ದಿ ಗ್ಲೋರಿ’ (1940), ಎಂಡೋನ ‘ಸೈಲೆನ್ಸ್’ (1966) ಎರಡನ್ನೂ ಒಂದರ ಹಿಂದೊಂದು ಮತ್ತೆ ಓದಿದೆ. ಯಾಕೆ ಒಪ್ಪಿಗೆಯಾಗಿರಲಿಲ್ಲ ಅಂತ ಈಗ ಗೊತ್ತಾಯಿತು.

ಮೇಲ್ನೋಟಕ್ಕೆ ಎರಡೂ ಒಂದೇ ಕಥೆ. ಸರ್ಕಾರ ಕ್ರೈಸ್ತ ಧರ್ಮದ ಮೇಲೆ ಮುರಕೊಂಡು ಬಿದ್ದಿದೆ. ಪಾದ್ರಿಯೊಬ್ಬ ತಲೆಮರೆಸಿಕೊಂಡು ಓಡಾಡುತ್ತಿದ್ದಾನೆ. ಅವನಿಂದಾಗಿ ಬಡ ಹಳ್ಳಿಯವರು ಸಾಯುತ್ತಾರೆ. ಬೆನ್ನು ಬಿಡದ ಒಬ್ಬ ದ್ರೋಹಿ ಕೊನೆಗೆ ಹಿಡಿದುಕೊಡುತ್ತಾನೆ. ಅಲ್ಲಿ 1930ರ ದಶಕದ ಮೆಕ್ಸಿಕೋ, ಇಲ್ಲಿ 17ನೇ ಶತಮಾನದ ನಾಗಸಾಕಿ ಸುತ್ತಮುತ್ತ.

ಗ್ರೀನ್‌ನ ಪಾದ್ರಿ ಕುಡುಕ. ಅವನಿಗೊಬ್ಬ ಮಗಳೂ ಇದ್ದಾಳೆ. ಒಂದು ದೃಶ್ಯ ಮಾತ್ರ ನನಗೆ ಮರೆಯೋದೇ ಇಲ್ಲ. ಬಲಿಪೂಜೆಗೆ, ಅಂದರೆ ಚರ್ಚಿನ ಮಾಸ್‌ಗೆ, ದ್ರಾಕ್ಷಾರಸ ಬೇಕು. ಕದ್ದುಮುಚ್ಚಿ ಒಂದು ಬಾಟಲಿ ಸಂಪಾದಿಸುತ್ತಾನೆ. ತಂದುಕೊಟ್ಟವನೂ, ಆಮೇಲೆ ಬಂದು ಸೇರಿಕೊಂಡ ಅಧಿಕಾರಿಯೂ ಅಲ್ಲೇ ಕೂತು ಅದನ್ನು ಕುಡಿಯೋಕೆ ಶುರು ಮಾಡುತ್ತಾರೆ. ಬೇಡ ಅಂದರೆ ಗುಟ್ಟು ರಟ್ಟಾಗುತ್ತದೆ. ಒಂದೊಂದೇ ಲೋಟ ಖಾಲಿಯಾಗುವುದನ್ನು ನೋಡುತ್ತಾ ಪಾದ್ರಿ ಅಳುತ್ತಾನೆ. ಕುಡಿದ ಅಮಲಿಗೆ ಅಳುತ್ತಿದ್ದಾನೆ ಅಂತ ಅವರು ಅಂದುಕೊಳ್ಳುತ್ತಾರೆ. ಅವನ ಕೈಯಲ್ಲಿ ಉಳಿಯುವುದು ಬರೀ ಬ್ರಾಂದಿ. ಅದರಿಂದ ಪೂಜೆ ನಡೆಯುವುದಿಲ್ಲ.

ಗ್ರೀನ್‌ನ ನಂಬಿಕೆ ಇರುವುದು ಇಲ್ಲೇ ಅಂತ ನನಗನಿಸುತ್ತದೆ. ಮನುಷ್ಯ ಎಷ್ಟೇ ಕೆಟ್ಟವನಾಗಿರಲಿ, ಅವನ ಕೈಯಿಂದ ಆಗುವ ಸಂಸ್ಕಾರ ಕೆಡುವುದಿಲ್ಲ. ಆದರೆ ಚರ್ಚಿನ ಕಟ್ಟಳೆ ಕಟ್ಟಳೆಯೇ. ಗ್ರೀನ್‌ನ ಇನ್ನೊಂದು ಕಾದಂಬರಿ ‘ದಿ ಹಾರ್ಟ್ ಆಫ್ ದಿ ಮ್ಯಾಟರ್’ನ ಸ್ಕೋಬಿ ಒದ್ದಾಡುವುದೂ ಇದೇ ಕಟ್ಟಳೆಯೊಳಗೆ. ಪಾಪ ಬಿಡದೆ, ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ ತಗೊಂಡರೆ ನರಕ ಅಂತ ಗೊತ್ತಿದ್ದೂ ತಗೊಳ್ಳುತ್ತಾನೆ. ಗ್ರೀನ್ 1926ರಲ್ಲಿ, ಅವನ ಕಾಲದ ಇನ್ನೊಬ್ಬ ಇಂಗ್ಲಿಷ್ ಕಾದಂಬರಿಕಾರ ಈವ್ಲಿನ್ ವಾ 1930ರಲ್ಲಿ ಕ್ಯಾಥೊಲಿಕ್ ಸಭೆ ಸೇರಿದವರು. ಇಬ್ಬರೂ ದೊಡ್ಡವರಾದ ಮೇಲೆ ಓದಿ, ವಾದ ಮಾಡಿ ಒಳಗೆ ಹೋದವರು. ಅದಕ್ಕೇ ಅವರ ದೇವರು ಹಿಡಿದ ಪಟ್ಟು ಬಿಡುವುದಿಲ್ಲ.

ಎಂಡೋ ಹಾಗಲ್ಲ. ಅಮ್ಮನ ಆಸೆಗೆ ಚಿಕ್ಕ ಹುಡುಗನಾಗಿದ್ದಾಗಲೇ ದೀಕ್ಷಾಸ್ನಾನ ಪಡೆದವನು. ಅಮ್ಮ ತೊಡಿಸಿದ, ಮೈಗೆ ಕೂಡದ ಪಶ್ಚಿಮದ ಉಡುಪು ಅಂತ ತನ್ನ ನಂಬಿಕೆಯನ್ನು ಅವನೇ ಕರೆದುಕೊಂಡಿದ್ದಾನೆ. ಬಿಸಾಡಲಿಲ್ಲ. ಜೀವಮಾನವಿಡೀ ಕತ್ತರಿಸಿ ಹೊಲಿದು, ಜಪಾನಿನ ಮೈಗೆ ಹೊಂದಿಸಲು ನೋಡಿದ.

17ನೇ ಶತಮಾನದ ಜಪಾನಿನಲ್ಲಿ ಕ್ರೈಸ್ತರನ್ನು ಪತ್ತೆ ಹಚ್ಚಲು ಯೇಸುವಿನ ಅಥವಾ ಮೇರಿಯ ಚಿತ್ರವನ್ನು ನೆಲದ ಮೇಲಿಟ್ಟು ತುಳಿಸುತ್ತಿದ್ದರು. ಅದರ ಹೆಸರು ಫುಮಿಎ. ನಾಗಸಾಕಿಯಲ್ಲಿ ಅಂಥದ್ದೊಂದನ್ನು ಎಂಡೋ ನೋಡಿದ್ದ. ಅದರ ಮರದ ಚೌಕಟ್ಟಿನ ಮೇಲೆ ಕಾಲ್ಬೆರಳಿನ ಕಪ್ಪು ಗುರುತುಗಳಿದ್ದವು. ಅವು ಯಾರ ಕಾಲು? ‘ಸೈಲೆನ್ಸ್’ ಹುಟ್ಟಿದ್ದು ಆ ಗುರುತುಗಳಿಂದ.

ಅದರಲ್ಲಿ ಸೆರೆಯಾದ ಪಾದ್ರಿ ರೊಡ್ರಿಗಸ್ ಕತ್ತಲೆ ಕೋಣೆಯಲ್ಲಿ ಕೂತಿದ್ದಾನೆ. ಹೊರಗೆ ಯಾರೋ ಗೊರಕೆ ಹೊಡೆಯುವ ಸದ್ದು. ಕಾವಲುಗಾರನದು ಅಂದುಕೊಂಡು ನಗುತ್ತಾನೆ. ಅದು ಗೊರಕೆಯಲ್ಲ, ಗುಂಡಿಯಲ್ಲಿ ತಲೆಕೆಳಗಾಗಿ ನೇತುಹಾಕಿದವರ ನರಳಾಟ ಅಂತ ಆಮೇಲೆ ತಿಳಿಯುತ್ತದೆ. ಅವರು ಆಗಲೇ ಧರ್ಮ ಬಿಟ್ಟಿದ್ದಾರೆ. ಆದರೆ ಪಾದ್ರಿ ತುಳಿಯುವ ತನಕ ಅವರನ್ನು ಇಳಿಸುವುದಿಲ್ಲ. ಬೆಳಗಿನ ಜಾವ ಅವನು ಕಾಲೆತ್ತುತ್ತಾನೆ. ಎಷ್ಟೋ ಜನರ ಕಾಲಡಿ ಸವೆದುಹೋದ ಆ ಮುಖ ಅವನಿಗೆ ತುಳಿ ಅನ್ನುತ್ತದೆ.

ನಾಗಸಾಕಿಯ ಕ್ಯಾಥೊಲಿಕರಲ್ಲಿ ಹಲವರಿಗೆ ಈ ಕಾದಂಬರಿ ನೋವು ಮಾಡಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಊರಲ್ಲಿ ತುಳಿಯದೆ ಸತ್ತವರು ಎಷ್ಟೋ ಜನ. ಗ್ರೀನ್‌ನ ಪುಸ್ತಕದ ಬಗ್ಗೆಯೂ 1950ರ ದಶಕದಲ್ಲಿ ವ್ಯಾಟಿಕನ್ ಆಕ್ಷೇಪ ಎತ್ತಿತ್ತು.

ನನಗೆ ಮುಖ್ಯ ಅನಿಸಿದ್ದು ಆ ಇಬ್ಬರು ದ್ರೋಹಿಗಳು. ಗ್ರೀನ್‌ನಲ್ಲಿ ಕೋರೆಹಲ್ಲಿನ ಒಬ್ಬ ಮೆಸ್ತಿಜೊ (ಮಿಶ್ರ ಜನಾಂಗದವನು) ಬಹುಮಾನದ ಆಸೆಗೆ ಬೆನ್ನು ಹತ್ತುತ್ತಾನೆ. ಪಾದ್ರಿ ಅವನನ್ನು ಕ್ಷಮಿಸುತ್ತಾನೆ, ನಿಜ. ಆದರೆ ಅವನು ಕಥೆಯ ಅಂಚಿನಲ್ಲೇ ಉಳಿಯುತ್ತಾನೆ. ಎಂಡೋನ ಕಿಚಿಜಿರೋ ಮನೆಯವರೆಲ್ಲ ಸಾಯುವಾಗ ತಾನೊಬ್ಬನೇ ತುಳಿದು ಬದುಕಿಕೊಂಡವನು. ಹಿಡಿದುಕೊಡುತ್ತಾನೆ, ಅಳುತ್ತಾನೆ, ಮತ್ತೆ ಬಂದು ಪಾಪನಿವೇದನೆ ಕೇಳಿಸಿಕೊಳ್ಳಿ ಅಂತ ಬೇಡುತ್ತಾನೆ. ಕಾಟವಿಲ್ಲದ ಕಾಲದಲ್ಲಿ ಹುಟ್ಟಿದ್ದರೆ ತಾನೂ ಒಳ್ಳೆ ಕ್ರೈಸ್ತನಾಗಿರುತ್ತಿದ್ದೆ ಅನ್ನುತ್ತಾನೆ. ಗಟ್ಟಿ ಮನಸ್ಸು ಇಲ್ಲದೆ ಹುಟ್ಟಿದವನು ಏನು ಮಾಡಬೇಕು ಹೇಳಿ? ಕೊನೆಗೆ, ತಾನೇ ತುಳಿದ ಪಾದ್ರಿ ಅವನ ಪಾಪನಿವೇದನೆ ಕೇಳುತ್ತಾನೆ. ಅಲ್ಲಿಗೆ ಇಬ್ಬರೂ ಒಂದೇ ಜಾಗಕ್ಕೆ ಬಂದು ನಿಂತರಲ್ವಾ? ಗ್ರೀನ್ ಅಂದರೆ ನನಗೆ ತುಂಬಾ ಇಷ್ಟ. ಆದರೆ ಅವನ ಪಾದ್ರಿ ಗುಂಡೇಟಿಗೆ ಸಿಕ್ಕಿ ಸಾಯುತ್ತಾನೆ. ಸೋತು ಬದುಕಿ ಉಳಿದವನ ಪಕ್ಕ ಕೂತವನು ಎಂಡೋ.

ಈ ಹಾದಿ ಅವನನ್ನು ಕಾಶಿಗೂ ಕರೆತಂದಿತು. 1993ರ ಅವನ ಕಾದಂಬರಿ ‘ಡೀಪ್ ರಿವರ್’ನ ಓತ್ಸು, ಸಭೆಯವರಿಗೆ ಬೇಡವಾದ ಕ್ಯಾಥೊಲಿಕ. ದೇವರು ಅನ್ನುವ ಮಾತೇ ಆಗದ ಗೆಳತಿಗಾಗಿ ದೇವರನ್ನು ‘ಈರುಳ್ಳಿ’ ಅಂತ ಕರೆಯುತ್ತಾನೆ. ಬೀದಿಯಲ್ಲಿ ಬಿದ್ದವರನ್ನು ಬೆನ್ನ ಮೇಲೆ ಹೊತ್ತು ಗಂಗೆಯ ಕಡೆ ನಡೆಯುತ್ತಾನೆ. 1996ರಲ್ಲಿ ಎಂಡೋ ತೀರಿಕೊಂಡಾಗ ಅವನ ಆಸೆಯಂತೆ ಶವಪೆಟ್ಟಿಗೆಯಲ್ಲಿ ಎರಡು ಪುಸ್ತಕ ಇಟ್ಟರು. ಒಂದು ‘ಸೈಲೆನ್ಸ್’, ಇನ್ನೊಂದು ಈ ಗಂಗೆಯ ಕಥೆ.