ಅಳತೆ ತೆಗೆಯದೆ ‘ಗುಜರಿಗೆ ಹಾಕಿ’ ಅನ್ನಬೇಡಿ

ಹಳೆ ಟಿಲ್ಲರೋ ಹದಿನೆಂಟೂವರೆ ಎಚ್‌ಪಿಯ ಸಣ್ಣ ಟ್ರ್ಯಾಕ್ಟರೋ ಗ್ಯಾರೇಜಿನ ಬಾಗಿಲಿಗೆ ಬಂದರೆ ಸಾಕು, ಬಾನೆಟ್ ಎತ್ತುವ ಮೊದಲೇ ತೀರ್ಪು ಹೊರಬೀಳುತ್ತದೆ: ‘ಇದಕ್ಕೆ ಈಗ ಪಾರ್ಟ್ ಸಿಗೂದಿಲ್ಲ ಹೆಗಡೇರೆ, ಗುಜರಿಗೆ ಹಾಕಿ ಹೊಸದು ತಗಳಿ.’ ಶಿರಸಿಯಲ್ಲೂ ಇದೇ ಮಾತು, ಕುಮಟೆಯಲ್ಲೂ ಇದೇ, ಕಾರವಾರದಲ್ಲೂ ಇದೇ. ಕೇಳಿ ಕೇಳಿ ಹೊಟ್ಟೆ ಉರಿಯುತ್ತದೆ. ಒಂಬತ್ತಡಿ ಸಾಲಿನ ಅಡಕೆ ತೋಟದೊಳಗೆ ದೊಡ್ಡ ಟ್ರ್ಯಾಕ್ಟರ್ ನುಗ್ಗುವುದಿಲ್ಲ. ಬೆಟ್ಟದಿಂದ ಸೊಪ್ಪು, ದರಕು (ಒಣಗಿದ ಎಲೆ) ಇಳಿಸಲಿಕ್ಕೆ, ತೋಟಕ್ಕೆ ಗೊಬ್ಬರ ಹೊರಲಿಕ್ಕೆ ಈ ಸಣ್ಣ ಗಾಡಿಯೇ ಗತಿ. ಅಂಥದ್ದನ್ನು ಕೈಯಲ್ಲಿ ಅಳತೆ ತೆಗೆಯುವ ಒಂದು ವರ್ನಿಯರ್ ಕೂಡ ಹಿಡಿಯದೆ ಸಾಯಿಸುತ್ತಾರೆ.

ಯಾವ ಪಾರ್ಟ್ ಸಿಗೂದಿಲ್ಲ, ಅದನ್ನು ಹೇಳಿ ಮೊದಲು. ಬೇರಿಂಗಾ? ಬೇರಿಂಗಿಗೆ ಗಾಡಿಯ ಹೆಸರಿಲ್ಲ, ನಂಬರ್ ಇದೆ. 6205 ಅಂದರೆ ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿಲಿಮೀಟರ್. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಬಂತು (04ರಿಂದ ಮೇಲಕ್ಕೆ ಈ ಲೆಕ್ಕ). ನಂಬರ್ ಅಳಿಸಿಹೋಗಿದ್ದರೆ ಮೂರು ಅಳತೆ ತೆಗೆದರೆ ಮುಗಿಯಿತು. ಅದೇ ಬೇರಿಂಗ್ ನೀರಿನ ಪಂಪಿನಲ್ಲೂ ಇದೆ, ಹಿಟ್ಟಿನ ಗಿರಣಿಯಲ್ಲೂ ಇದೆ. ಶಾಫ್ಟಿನ ಸುತ್ತ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲೂ ಹಾಗೆಯೇ, ಮೈಮೇಲೇ ಒಳವ್ಯಾಸ, ಹೊರವ್ಯಾಸ, ದಪ್ಪ ಬರೆದಿರುತ್ತದೆ. ಬೆಲ್ಟಿನ ಮೇಲೆ ‘ಬಿ’ ಅಂತ ಇದ್ದರೆ ಮೇಲಗಲ 17 ಮಿ.ಮೀ, ಪಕ್ಕದ ಅಂಕಿ ಇಂಚಿನ ಲೆಕ್ಕದ ಉದ್ದ. ಟಿಲ್ಲರಿಗೆ ಇರುವ ಬೆಲ್ಟುಗಳನ್ನೆಲ್ಲ ಒಟ್ಟಿಗೇ ಬದಲಿಸಬೇಕು. ಹರಿದದ್ದೊಂದನ್ನೇ ಬದಲಿಸಿದರೆ ಭಾರವೆಲ್ಲ ಆ ಹೊಸದರ ಮೇಲೆ ಬಿದ್ದು ಅದೇ ಮೊದಲು ಹರಿಯುತ್ತದೆ. ಇದು ಗೊತ್ತಿದ್ದೂ ಒಂದೊಂದೇ ಮಾರುವವರಿಗೆ ಏನು ಹೇಳಬೇಕು?

ಸೀಲಿನ ವಿಷಯ ಇನ್ನೂ ಸಿಟ್ಟು ಬರಿಸುವಂಥದ್ದು. ಗದ್ದೆ ಕೆಸರಿನಲ್ಲಿ ಉತ್ತ ಟಿಲ್ಲರಿನ ಗೇರ್ ಎಣ್ಣೆ ಹಾಲು ಬೆರೆಸಿದ ಚಹಾದ ಹಾಗೆ ಆಗಿದೆ ಅಂದರೆ ನೀರು ಒಳಹೊಕ್ಕಿದೆ ಎಂದೇ ಅರ್ಥ. ಹೊಸ ಸೀಲ್ ಹೊಡೆದು ಕಳಿಸುತ್ತಾರೆ, ಎಂಟು ದಿನಕ್ಕೆ ಮತ್ತೆ ಸೋರುತ್ತದೆ, ಆಗ ‘ಹಳೆ ಗಾಡಿ ಅಲ್ದಾ’ ಅನ್ನುತ್ತಾರೆ. ಹಳೆಯದಾದ್ದಕ್ಕೆ ಅಲ್ಲ ಸ್ವಾಮಿ! ಸೀಲಿನ ತುಟಿ ವರ್ಷಗಟ್ಟಲೆ ಉಜ್ಜಿ ಶಾಫ್ಟಿನ ಮೇಲೆ ಉಂಗುರದಂಥ ಗೀರು ಬಿದ್ದಿರುತ್ತದೆ. ಉಗುರು ಆಡಿಸಿದರೆ ತಗಲುತ್ತದೆ. ಹೊಸ ಸೀಲಿನ ತುಟಿ ಅದೇ ಗೀರಿನಲ್ಲಿ ಕೂತರೆ ಸೋರದೆ ಇನ್ನೇನು? ಜಾಗ ಇದ್ದರೆ ಸೀಲನ್ನು ಎರಡು ಮಿಲಿಮೀಟರ್ ಒಳಗೋ ಹೊರಗೋ ಕೂರಿಸಬೇಕು, ಇಲ್ಲದಿದ್ದರೆ ಶಾಫ್ಟಿಗೆ ತೆಳು ಸ್ಲೀವ್ ಹಾಕಬೇಕು. ಸ್ಪ್ರಿಂಗ್ ಇರುವ ತುಟಿ ಎಣ್ಣೆಯ ಕಡೆಗೇ ಇರಬೇಕು. ಕೆಸರಿಗೆ ಇಳಿಯುವ ಗಾಡಿಗೆ ಹೊರಗಡೆ ಧೂಳು ತಡೆಯುವ ಇನ್ನೊಂದು ತುಟಿ ಇರುವ ಸೀಲನ್ನೇ ಕೇಳಿ ತರಬೇಕು.

ಇನ್ನು ಹೊಗೆ. ಹೊಗೆ ಕಂಡ ಕೂಡಲೇ ‘ಬೋರ್ ಮಾಡಿಸಬೇಕು’, ಅಂದರೆ ಸಿಲಿಂಡರನ್ನು ಕೊರೆಸಬೇಕು. ಯಾವ ಬಣ್ಣದ ಹೊಗೆ ಅಂತ ನೋಡುವ ತಾಳ್ಮೆಯೂ ಇಲ್ಲವೇ? ಕಪ್ಪು ಹೊಗೆ ಅಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ನೋಝಲ್ ಡೀಸೆಲನ್ನು ಸಿಂಪಡಿಸದೆ ತೊಟ್ಟಿಕ್ಕಿಸುತ್ತಿದೆ, ಇಲ್ಲವೇ ಭಾರ ಹೆಚ್ಚಾಗಿದೆ. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಬಿಚ್ಚಿ ನೋಡಿ, ಮಳೆಗಾಲ ಕಳೆದ ಮೇಲೆ ಅದರಲ್ಲಿ ಎಣ್ಣೆಗಿಂತ ನೀರೇ ಹೆಚ್ಚಿರುತ್ತದೆ. ಡೀಸೆಲಿನಲ್ಲಿ ತೊಳೆದು, ಗೆರೆಯವರೆಗೆ ಮಾತ್ರ ಹೊಸ ಎಣ್ಣೆ ಹಾಕಿ, ಆಮೇಲೆ ಮಾತಾಡಿ. ಬಿಳಿ ಹೊಗೆ ಉರಿಯದ ಡೀಸೆಲಿನದ್ದು. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮಾತ್ರ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು), ಕಂಪ್ರೆಶನ್ (ಸಿಲಿಂಡರಿನಲ್ಲಿ ಅದುಮಿದ ಗಾಳಿಯ ಒತ್ತಡ), ಹೆಡ್ ಗ್ಯಾಸ್ಕೆಟ್ ಕಡೆ ಹೋಗಬೇಕು. ನೀಲಿ ಹೊಗೆಯಾದರೆ ಇಂಜಿನ್ ಎಣ್ಣೆ ಉರಿಯುತ್ತಿದೆ. ಆಗಲೂ ಕಂಪ್ರೆಶನ್ ಅಳೆದೇ ಬೋರಿಗೆ ಕಳಿಸಬೇಕು. ಗೇಜ್ ಹಾಕಿ ಒಮ್ಮೆ ಅಳೆದು, ಸಿಲಿಂಡರಿನೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಟಿಲ್ಲರಿನ ಮಲಗಿದ ಸಿಲಿಂಡರಿನಲ್ಲಿ ಎಣ್ಣೆ ಕೆಳಬದಿಗೇ ಇಳಿಯುತ್ತದೆ, ಹಾಗಾಗಿ ನಾಲ್ಕಾರು ಸುತ್ತು ತಿರುಗಿಸಿದ ಮೇಲೆಯೇ ಅಳೆಯಬೇಕು. ಚಮಚಕ್ಕಿಂತ ಹೆಚ್ಚು ಎಣ್ಣೆ ಬಿಟ್ಟರೆ ಗೇಜ್ ಸುಳ್ಳು ಹೇಳುತ್ತದೆ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಉಳಿಸಲಿಕ್ಕೆ ರೈತನ ಸಾವಿರಾರು ರೂಪಾಯಿ ಹಾಳು.

ಜಾಮ್ ಆದ ಇಂಜಿನ್ನಿಗೆ ಸುತ್ತಿಗೆ ಹೊಡೆಯುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ನೋಝಲ್ ಬಿಚ್ಚಿ, ಆ ತೂತಿನಿಂದ ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಎಣ್ಣೆ) ಮತ್ತು ಡೀಸೆಲ್ ಸಮಸಮ ಬೆರೆಸಿ ಬಿಡಿ. ಎರಡು ಮೂರು ದಿನ ಬಿಟ್ಟು ಫ್ಲೈವೀಲನ್ನು ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲುಗಿಸಿ, ಒಂದೇ ಕಡೆಗೆ ಎಳೆಯಬೇಡಿ. ಬಿಟ್ಟಿತೆಂದು ಖುಷಿಯಲ್ಲಿ ಕೂಡಲೇ ಸ್ಟಾರ್ಟ್ ಮಾಡಲೂ ಬೇಡಿ. ನೋಝಲ್ ಹಾಕುವ ಮೊದಲು ಖಾಲಿ ತಿರುಗಿಸಿ ಒಳಗಿನ ದ್ರವವೆಲ್ಲ ಹೊರಬರಬೇಕು, ಇಲ್ಲದಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಡೀಸೆಲ್ ಲೈನಿನ ಗಾಳಿ ತೆಗೆಯುವುದು: ಮೊದಲು ಫಿಲ್ಟರಿನ ಸ್ಕ್ರೂ, ನಂತರ ಪಂಪಿನದ್ದು, ಕೊನೆಗೆ ನೋಝಲಿನ ನಟ್ಟು, ಗುಳ್ಳೆ ನಿಲ್ಲುವ ತನಕ. ‘ಪಂಪು ಹೋಗಿದೆ’ ಅಂತ ಬಿಚ್ಚಿಟ್ಟ ಎಷ್ಟೋ ಪಂಪುಗಳಲ್ಲಿ ಇದ್ದದ್ದು ಬರೀ ಗಾಳಿ.

ಬೈಗುಳದಲ್ಲಿ ಗಾಡಿ ಇಟ್ಟುಕೊಂಡ ನಮ್ಮವರಿಗೂ ಪಾಲಿದೆ. ಮಳೆ ಹಿಡಿಯುವ ಮೊದಲು ಗಾಡಿಯನ್ನು ಕೊಟ್ಟಿಗೆ ಮಾಡಿನ ಅಂಚಿಗೆ ನೂಕಿ, ಮೇಲೊಂದು ತಾರ್ಪಾಲು ಬಿಗಿದು, ದೀಪಾವಳಿಗೆ ತೆಗೆಯುವುದು ಇಟ್ಟುಕೊಳ್ಳುವ ರೀತಿಯೇ? ತಾರ್ಪಾಲಿನ ಒಳಗೆ ಬೆವರುತ್ತದೆ, ಗಾಳಿಯಾಡಲಿಕ್ಕೆ ಬಿಡಿ. ಡೀಸೆಲ್ ಟ್ಯಾಂಕ್ ಬಾಯಿವರೆಗೆ ತುಂಬಿ, ಖಾಲಿ ಇದ್ದಷ್ಟೂ ಒಳಗೋಡೆಗೆ ನೀರು ಕಟ್ಟುತ್ತದೆ. ಟ್ರ್ಯಾಕ್ಟರಿನ ಕ್ಲಚ್ ಪೆಡಲನ್ನು ಒತ್ತಿ ಮರದ ತುಂಡು ಕೊಟ್ಟಿಡಿ, ಇಲ್ಲವಾದರೆ ತೇವಕ್ಕೆ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟುತ್ತದೆ. ಬ್ಯಾಟರಿ ಬಿಚ್ಚಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ, 12.4 ವೋಲ್ಟಿಗಿಂತ ಕೆಳಗೆ ಇಳಿಯಲು ಬಿಡಬೇಡಿ.

ಮಳೆಗಾಲದಲ್ಲಿ ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಡ್ರಮ್ಮನ್ನು ಅದೇ ಟ್ರೈಲರಿನಲ್ಲಿ ಹೊರುತ್ತೀರಿ. ಕಲಸುವಾಗ ಚೆಲ್ಲಿದ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಕಬ್ಬಿಣವನ್ನು ತಿನ್ನುತ್ತದೆ, ತಾಮ್ರ ಅದರ ಮೇಲೆ ಕೆಂಪಗೆ ಕೂರುತ್ತದೆ. ಆ ಕೆಂಪನ್ನು ಬರೀ ಮಣ್ಣು ಅಂದುಕೊಂಡು ಬಿಡುತ್ತೀರಿ. ಅವತ್ತೇ ಸಂಜೆ ಧಾರಾಳ ನೀರು ಹೊಯ್ದು ತೊಳೆಯಿರಿ. ಕಾರವಾರ, ಅಂಕೋಲೆ ಕಡೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಹತ್ತಿರ ಓಡುವ ಗಾಡಿಗೆ ಉಪ್ಪಿನ ಕಾಟ ಬೇರೆ. ಸಿಹಿನೀರಿನಲ್ಲೇ ತೊಳೆಯಬೇಕು, ಆದರೆ ಪ್ರೆಶರ್ ಪೈಪನ್ನು ಸೀಲಿಗೂ ಬೇರಿಂಗಿಗೂ ನೇರ ಹಿಡಿಯಬಾರದು. ತೊಳೆದ ಮೇಲೆ ಗ್ರೀಸ್ ತುಂಬುವ ಎಲ್ಲ ನಿಪ್ಪಲಿಗೂ ಹಳೆ ಗ್ರೀಸ್ ಹೊರಬರುವ ತನಕ ಹೊಸ ಗ್ರೀಸ್ ಹೊಡೆಯಿರಿ.

ಎಲ್ಲಕ್ಕಿಂತ ಸಹಿಸಲಾಗದ್ದು ಆ ಬಣ್ಣ. ಮಾರುವ ಮುನ್ನ ಮಣ್ಣು, ಗ್ರೀಸು, ತುಕ್ಕು ಎಲ್ಲದರ ಮೇಲೆ ಕೆಂಪು ಪೇಂಟ್ ಬಳಿದು ‘ರಿಪೇರಿ ಆಗಿದೆ’ ಅನ್ನುತ್ತಾರೆ. ತುಕ್ಕಿನ ಮೇಲಿನ ಬಣ್ಣದಡಿ ತುಕ್ಕು ಇನ್ನೂ ಬೆಳೆಯುತ್ತದೆ. ಗ್ರೀಸ್ ನಿಪ್ಪಲಿನ ಬಾಯಿ ಮುಚ್ಚಿಹೋಗುತ್ತದೆ. ಕೊನೆಗೆ ಇಂಜಿನ್ ನಂಬರಿನ ತಗಡಿಗೂ ಅದೇ ಬ್ರಷ್ಷು! ಪಾರ್ಟ್ಸ್ ಪುಸ್ತಕದಲ್ಲಿ ಸರಿಯಾದ ಪಿಸ್ಟನ್, ಸರಿಯಾದ ಗ್ಯಾಸ್ಕೆಟ್ ಹುಡುಕಲಿಕ್ಕೆ ಬೇಕಾದದ್ದು ಆ ನಂಬರೇ. ಅದನ್ನು ಮುಚ್ಚಿದವರೇ ಆರು ತಿಂಗಳ ಮೇಲೆ ‘ಪಾರ್ಟ್ ಸಿಗೂದಿಲ್ಲ’ ಅನ್ನುತ್ತಾರೆ. ಥಿನ್ನರಿನಲ್ಲಿ ಬಟ್ಟೆ ಅದ್ದಿ ಆ ತಗಡನ್ನು ಮೆಲ್ಲಗೆ ಒರೆಸಿ, ಕೆರೆಯಬೇಡಿ. ನಂಬರನ್ನು ಬರೆದುಕೊಂಡು, ಆ ಚೀಟಿಯನ್ನು ಅವರ ಕೈಯಲ್ಲಿಟ್ಟು, ‘ಈಗ ಹೇಳಿ, ಯಾವ ಪಾರ್ಟ್ ಸಿಗೂದಿಲ್ಲ?’ ಅಂತ ಕೇಳಿ.