32 ಜಿಬಿ ಪೆನ್‌ಡ್ರೈವ್‌ನಲ್ಲಿ 13 ಜಿಬಿ ಹಿಡಿಯಲ್ವಂತೆ!

"ಅಂಕಲ್, ನಿಮ್ಮ ಪೆನ್‌ಡ್ರೈವ್ ಡುಪ್ಲಿಕೇಟ್ ಐತ್ರಿ."

ಮನೆಯ ಕಾರ್ಯಕ್ರಮದ ಹಳೇ ವಿಡಿಯೋ ಕ್ಯಾಸೆಟ್ಟನ್ನು ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಡು ಅಂತ ಕೊಟ್ಟಿದ್ದೆ, ಅದಕ್ಕೆ ಅಂಗಡಿ ಹುಡುಗ ಹೇಳಿದ್ದು ಇದು. ಅಂಗಡಿ ತುಂಬ ಜನ. ಮೆಲ್ಲಗೆ ಹೇಳಬಹುದಿತ್ತಲ್ವಾ? ಇಲ್ಲ, ರಸ್ತೆಯವರಿಗೂ ಕೇಳಿಸಬೇಕು. ಎರಡು ಬೆರಳಲ್ಲಿ ಹಿಡಿದು, ಟ್ಯೂಬ್‌ಲೈಟಿಗೆ ಎತ್ತಿ, ತಿರುಗಿಸಿ ನೋಡಿದ. "ಮ್ಯಾಲೆ 32 ಅಂತ ಬರದಾರ, ಒಳಗ 4 ಸುದ್ದಾ ಇಲ್ಲ." ಪಾಸ್‌ಪೋರ್ಟ್ ಫೋಟೋಕ್ಕೆ ಬಂದಿದ್ದ ಹುಡುಗಿ, ಝೆರಾಕ್ಸ್ ಹಾಳೆ ಎಣಿಸುತ್ತಿದ್ದ ಅಜ್ಜ, ಇಬ್ಬರೂ ನನ್ನ ಕಡೆ ತಿರುಗಿದರು. ನಾನೇನೋ ಖೋಟಾ ನೋಟು ಕೊಟ್ಟ ಹಾಗೆ!

ಸಾಲದು ಅಂತ ಮಾನಿಟರ್ ಬೇರೆ ಎಲ್ಲರ ಕಡೆ ತಿರುಗಿಸಿದ. ಅದರಲ್ಲಿ ಏನು ಬರೆದಿತ್ತು? ಫೈಲ್ ತುಂಬಾ ದೊಡ್ಡದು, ಈ ಫೈಲ್ ಸಿಸ್ಟಮ್‌ಗೆ (ಪೆನ್‌ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಗೆ) ಆಗಲ್ಲ ಅಂತ. ಡುಪ್ಲಿಕೇಟ್ ಅಂತ ಎಲ್ಲಿದೆ? ನಾನು ಸಮಾಧಾನದಿಂದಲೇ ಹೇಳಿದೆ. "ತಮ್ಮಾ, ಇದು ಫ್ಯಾಟ್32 ಫಾರ್ಮ್ಯಾಟ್. ಒಂದೊಂದು ಫೈಲ್ 4 ಜಿಬಿ ದಾಟಂಗಿಲ್ಲ. ಎಕ್ಸ್‌ಫ್ಯಾಟ್ ಮಾಡು, ಅದರಾಗ ಈ 4 ಜಿಬಿ ಮಿತಿ ಇಲ್ಲ, ಹಿಡೀತದ."

ಅವನು ಕೇಳಿದ: "ಎಲ್ಲಿ ಕೆಲಸ ಮಾಡ್ತೀರಿ ಅಂಕಲ್?"
"ರಿಟೈರ್ಡ್."
"ಹಾಂ, ಅದಕ್ಕ."

ಹುಡುಗಿ ನಕ್ಕಳು. ಅದಕ್ಕ ಅಂದ್ರೆ ಯಾವುದಕ್ಕ? ಯಾರಾದರೂ ಹೇಳ್ರಪ್ಪಾ. ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲಿ ಧಾರವಾಡದವರೆಗೂ ಅದೇ ತಲೆಯಲ್ಲಿ.

ಮಿನಿ ಡಿವಿ ಕ್ಯಾಸೆಟ್ಟು (ಹಳೇ ವಿಡಿಯೋ ಕ್ಯಾಮೆರಾದ ಸಣ್ಣ ಡಿಜಿಟಲ್ ಟೇಪು) ಒಂದು ತಾಸಿನದಾದರೆ ಫೈಲು 13 ಜಿಬಿ ಆಗೇ ಆಗುತ್ತದೆ. ನಾನೇನು ಮಾಡಲಿ? ಒಂದೇ ಫೈಲ್ ಮಾಡೋದು ಬೇಡವಾದರೆ ಹದಿನೆಂಟು ನಿಮಿಷಕ್ಕೊಂದು ತುಂಡು ಮಾಡಬಹುದಿತ್ತು, ಒಂದೊಂದೂ 4 ಜಿಬಿ ಒಳಗೇ ಇರ್ತಿತ್ತು. ಅದೂ ಮಾಡಲಿಲ್ಲ. "700 ಎಂಬಿ ಮಾಡಿ ಕೊಡ್ತೀನ್ರಿ, ಮೊಬೈಲ್‌ನ್ಯಾಗ ನೋಡಾಕ ಸಾಕು" ಅಂದ. ಕೊಟ್ಟ. ಮನೆಗೆ ಬಂದು ಟಿವಿಗೆ ಹಾಕಿದರೆ ಅಕ್ಷತೆ ಹಾಕುವ ಕೈ ಅಲ್ಲಾಡಿದ ಕಡೆಯೆಲ್ಲ ಅಡ್ಡಡ್ಡ ಗೆರೆ. ನಮ್ಮವ್ವನ ಇಳಕಲ್ ಸೀರೆಯ ಅಂಚು ಬರೀ ಕೆಂಪು ಮಬ್ಬು. ಸಣ್ಣದು ಮಾಡಬಾರದು ಅಂತ ನಾನೂ ಅನ್ನಲ್ಲ, ಎಚ್.264 ಅನ್ನೋ ವಿಡಿಯೋ ಕುಗ್ಗಿಸುವ ವಿಧಾನದಲ್ಲಿ ಚೆನ್ನಾಗೇ ಮಾಡಬಹುದು. ಆದರೆ ಹೀಗೆ ಹಿಂಡಬೇಕಾ? ದೊಡ್ಡ ಫೈಲ್ ಎಲ್ಲಿ ಅಂತ ಫೋನ್ ಮಾಡಿದರೆ, "ಡಿಲೀಟ್ ಮಾಡೀನ್ರಿ, ಹಾರ್ಡ್‌ಡಿಸ್ಕ್‌ನ್ಯಾಗ ಜಾಗ ಇರಲಿಲ್ಲ."

ಡಿಲೀಟ್! ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೈರ್‌ವೈರ್ ತಂತಿ ಹಾಕಿ, ಒಂದು ತಾಸಿನ ಕ್ಯಾಸೆಟ್ಟನ್ನು ಒಂದು ತಾಸು ಪೂರ್ತಿ ಓಡಿಸಿ ತೆಗೆದದ್ದು. ಆ ಹಳೇ ಟೇಪು ಮತ್ತೆ ಓಡಬೇಕು. ಸಿಕ್ಕಿಕೊಂಡರೆ ಯಾರು ಹೊಣೆ?

ಹೋಗಲಿ ಬಿಡಿ. ಯಾರು ನೋಡುತ್ತಾರೆ ಅದನ್ನ? ನಮ್ಮ ಮನೆಯವರು ಊಟದ ಪಂಕ್ತಿ ಬರುವವರೆಗೆ ಓಡಿಸು ಅಂತಾರೆ, ಅಲ್ಲಿ ತಮ್ಮ ಮುಖ ಕಂಡ ಮೇಲೆ ಎದ್ದು ಹೋಗ್ತಾರೆ. ನನ್ನ ಮೊಬೈಲ್ ತುಂಬ ಗುಡ್ ಮಾರ್ನಿಂಗ್ ಗುಲಾಬಿಗಳೇ ಇವೆ, ಒಂದನ್ನೂ ಅಳಿಸಿಲ್ಲ. ಇಂಥವನು ಬಿಟ್‌ರೇಟ್ ಬಗ್ಗೆ ಭಾಷಣ ಬಿಗಿಯೋದು!

ಇಲ್ಲ, ಬಿಡಲ್ಲ. ದುಡ್ಡು ಪೂರ್ತಿ ತಗೊಂಡಿದ್ದಾನೆ. ಆ ಅಂಗಡಿ ಮೆಟ್ಟಿಲು ಇನ್ನು ಹತ್ತಲ್ಲ.

ಆದರೆ ಉಳಿದ ಕ್ಯಾಸೆಟ್ಟುಗಳು ಅವನ ಹತ್ತಿರವೇ ಇವೆ. ನಾಳೆ ಹೋಗ್ತೀನಿ. ಎಕ್ಸ್‌ಫ್ಯಾಟ್ ಮಾಡಿದ ಅದೇ ಪೆನ್‌ಡ್ರೈವ್ ಒಯ್ತೀನಿ. ಬಿಲ್ ಸಮೇತ.