ಫಿಲಿಪಿನೋ ಜನರ ಗಟ್ಟಿತನವನ್ನು ಹೊಗಳಬೇಕಾ?

ಪರ: ಹೊಗಳಿದರೆ ತಪ್ಪೇನು?

ಚಂಡಮಾರುತ ಬಡಿದಾಗಲೆಲ್ಲ ‘ಫಿಲಿಪಿನೋಗಳು ಎಂಥ ಗಟ್ಟಿ ಜನ’ ಅಂತ ಹೊಗಳುವುದು ಸರಿಯಾ ಅನ್ನುವುದು ಚರ್ಚೆ. ಅದರಲ್ಲಿ ನನಗೆ ‘ಪರ’ ವಾದ ಕೊಟ್ಟಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ. ಪೂರ್ತಿ ಮನಸ್ಸಿಲ್ಲದೆ ಏನಲ್ಲ.

ವರ್ಷಕ್ಕೆ ಸುಮಾರು 20 ಚಂಡಮಾರುತ ಹಾದುಬರುವ ದೇಶ ಫಿಲಿಪ್ಪೀನ್ಸ್. ಅಲ್ಲಿ ‘ಬಯಾನಿಹಾನ್’ ಅಂತ ಒಂದು ಪದ್ಧತಿ. ಮೊದಲೆಲ್ಲ ಬಿದಿರಿನ ಮನೆಯನ್ನೇ ಊರವರು ಹೆಗಲ ಮೇಲೆ ಹೊತ್ತು ಬೇರೆ ಕಡೆ ಇಡುತ್ತಿದ್ದರು. ಕೂಲಿ ಇಲ್ಲ, ಊಟ ಹಾಕಿದರೆ ಸಾಕು. ನಮ್ಮ ಮುಯ್ಯಾಳು ಇದ್ದ ಹಾಗೆ.

2013ರ ನವೆಂಬರ್ 8ರಂದು ಯೋಲಾಂಡಾ ಚಂಡಮಾರುತ (ಹೊರಗಿನವರಿಗೆ ಹೈಯಾನ್) ಬಂತು. ಸತ್ತವರು 6,000ಕ್ಕೂ ಜಾಸ್ತಿ. ಆದರೆ ಸೆಬು ಪ್ರಾಂತ್ಯದ ತುಲಾಂಗ್ ದಿಯೊತ್ ದ್ವೀಪದಲ್ಲಿ ಸುಮಾರು 500 ಮನೆ ನೆಲಸಮವಾದರೂ ಒಬ್ಬರೂ ಸಾಯಲಿಲ್ಲ. ಗಾಳಿ ಬರುವ ಮೊದಲೇ ಅಲ್ಲಿನ ಸಾವಿರ ಜನ ದ್ವೀಪ ಖಾಲಿ ಮಾಡಿದ್ದರು. ಅಲ್ಲಿ ‘ಪುರೋಕ್’ ಅಂದರೆ ನಮ್ಮ ಕೇರಿ. ಕೇರಿಯವರೇ ಸಭೆ ಸೇರುತ್ತಾರೆ, ಕಷ್ಟಕ್ಕಿರಲಿ ಅಂತ ದುಡ್ಡು ಕೂಡಿಡುತ್ತಾರೆ. ಇದು ಸುಮ್ನೆ ನಗುಮುಖ ಅಲ್ಲ, ವ್ಯವಸ್ಥೆ. ಸರ್ಕಾರದಲ್ಲಿ ಭ್ರಷ್ಟಾಚಾರ ಇಲ್ವಾ ಅಂದರೆ ಇದೆ. ಅದು ಬೇರೆ ವಿಷಯ.

ವಿರೋಧ: ಈ ಹೊಗಳಿಕೆ ಯಾರಿಗೆ ಬೇಕು?

ಬೇರೆ ವಿಷಯವಂತೆ! ಒಂದು ಚಿಕ್ಕ ದ್ವೀಪ ತೋರಿಸಿ, ಇಡೀ ದೇಶ ಮುಯ್ಯಾಳಿನಲ್ಲೇ ಬದುಕಲಿ ಅನ್ನುವವರಿಗೆ ಏನು ಹೇಳೋಣ?

2025ರ ಆಗಸ್ಟಿನಲ್ಲಿ ಅಧ್ಯಕ್ಷ ಮಾರ್ಕೋಸ್ ಬುಲಕಾನ್ ಪ್ರಾಂತ್ಯಕ್ಕೆ, ನೆರೆ ತಡೆಯಲು ಕಟ್ಟಿದ ನದಿಯ ತಡೆಗೋಡೆ ನೋಡಲು ಹೋದರು. ಕಾಗದದಲ್ಲಿ ಕೆಲಸ ಮುಗಿದಿತ್ತು, 5.5 ಕೋಟಿ ಪೆಸೊಗೂ ಜಾಸ್ತಿ ಲೆಕ್ಕ. ಗೋಡೆ ಮಾತ್ರ ಇರಲಿಲ್ಲ. ಈ ಭ್ರಷ್ಟಾಚಾರದ ವಿರುದ್ಧ ಸೆಪ್ಟೆಂಬರ್ 21ರಂದು ರಾಜಧಾನಿ ಮನಿಲಾದ ಬೀದಿಗಿಳಿದ ಸಾವಿರಾರು ಜನ ‘ನಮ್ಮನ್ನು ಹೊಗಳಿ’ ಅಂತ ಕೇಳಲು ಬಂದಿರಲಿಲ್ಲ. ಭೂಮಿ ಬಿಸಿಯಾಗಿ ಚಂಡಮಾರುತ ಜೋರಾಗಲು ಕಾರಣ ಜಗತ್ತು ಉಗುಳುವ ಇಂಗಾಲ; ಅದರಲ್ಲೂ ಆ ದೇಶದ ಪಾಲು ಶೇ. 1 ಕೂಡ ಇಲ್ಲ.

ಯೋಲಾಂಡಾ ಬಂದಾಗ ನಾನು ದುಬೈಯಲ್ಲಿದ್ದೆ. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವರು, ಯೋಲಾಂಡಾ ಬಡಿದ ಲೇತೆ ದ್ವೀಪದವರು. ‘ಆತೆ’ ಅಂತ ಕರೆಯುತ್ತಿದ್ದೆವು, ಅವರಲ್ಲಿ ಅಕ್ಕ ಎಂದರ್ಥ. ಐದು ದಿನ ಊರಿನ ಫೋನ್ ಸಿಗಲಿಲ್ಲ. ಆಮೇಲೆ ಆತೆಯ ತಮ್ಮ ಕರೆ ಮಾಡಿ ಕೇಳಿದ್ದು ಅಕ್ಕಿಯಲ್ಲ, ಬಟ್ಟೆಯಲ್ಲ. ತಗಡಿಗೆ ಹೊಡೆಯುವ ಮೊಳೆ. ಊರಲ್ಲಿ ಎಲ್ಲೂ ಸಿಗುತ್ತಿರಲಿಲ್ಲವಂತೆ.

ಹೊರದೇಶದ ಫಿಲಿಪಿನೋಗಳು ಮನೆಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆ ಇರುತ್ತದಲ್ಲ, ಬಾಲಿಕ್‌ಬಾಯನ್ ಬಾಕ್ಸ್, ಅದನ್ನು ಆಫೀಸಿನ ನೆಲದ ಮೇಲೇ ಇಟ್ಟು ತುಂಬಿದೆವು. ಸಾರ್ಡೀನ್ ಡಬ್ಬಿ, ಟವೆಲ್, ಮೇಣದ ಬತ್ತಿ. ಮೂರು ಕಿಲೋ ಮೊಳೆಯನ್ನು ಆತೆ ಹಳೇ ಜೀನ್ಸ್ ಪ್ಯಾಂಟಿನ ಕಾಲಿಗೆ ಸುರಿದು ಎರಡೂ ಕಡೆ ಗಂಟು ಹಾಕಿದರು. ಟಿವಿಯಲ್ಲಿ ಯಾರೋ ‘ಎಂಥ ಗಟ್ಟಿ ಜನ’ ಅನ್ನುತ್ತಿದ್ದರು. ಆತೆ ಎದ್ದು ಟಿವಿ ಆರಿಸಿದರು.

ಪೆಟ್ಟಿಗೆ ಹಡಗಿನಲ್ಲಿ ಹೋಗಬೇಕು, ತಿಂಗಳ ಮೇಲಾಗುತ್ತದೆ. ಅಲ್ಲಿವರೆಗೆ ತಮ್ಮ ಏನು ಮಾಡ್ತಾನೆ ಅಂತ ಕೇಳಿದೆ.

“ಬಗ್ಗಿದ ಮೊಳೆ ಹೆಕ್ಕಿ, ಕಲ್ಲಲ್ಲಿ ಕುಟ್ಟಿ ನೆಟ್ಟಗೆ ಮಾಡ್ತಿದ್ದಾನೆ” ಅಂದರು.